ಉಂಡವಳು

ಬಾಗಿಲು ಎಳೆದುಕೊಂಡು ಬೀದಿಗಿಳಿಯುವಾಗ ಅವನ ಎದೆಯ ಮೇಲಿದ್ದ ಭಾರವೊಂದು ಇಳಿದಿತ್ತು. ಅತ್ತಿಗೆ ಎದ್ದಿದ್ದರು. ಭಾನುವಾರದಿಂದ ಹೊತ್ತಲ್ಲದ ಹೊತ್ತಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ಹೂಂ ಉಹೂಂ ಬಿಟ್ಟರೆ ಬೇರೆ ಮಾತಿಲ್ಲದೆ ಅವನನ್ನು ಒಳಗೊಳಗೇ ಸುಡುತ್ತಿದ್ದವರು, ಈ ಬುಧವಾರ ಬೆಳಿಗ್ಗೆ ಅವನಿಗಿಂತ ಮೊದಲೇ ಎದ್ದು, ತಲೆ ಬಾಚಿಕೊಂಡು, ಊಟದ ಡಬ್ಬಿಯನ್ನು ಚೀಲದಲ್ಲಿಟ್ಟು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದರು. ಚೀಲ ಮೊಳೆಗೆ ಬಂತೆಂದರೆ ಮುನಿಸು ಮುಗಿಯಿತು ಎಂದೇ ಆ ಮನೆಯಲ್ಲಿ ಅರ್ಥ. ಅವನು ಶಾಲೆಗೆ ಹೋಗುವ ಕಾಲದಿಂದಲೂ ಹಾಗೆ. ಹೇಗಿದ್ದೀರಿ ಎಂದು ಕೇಳುವ ಮಾತು ಬಾಯಿತುದಿಗೆ ಬಂದಿತ್ತು. ಕೇಳಿದರೆ ಭಾನುವಾರದ್ದೆಲ್ಲ ಮತ್ತೆ ಎದ್ದು ಕೂತರೆ ಎಂದು ಹೆದರಿ, 'ಬರ್ತೀನಿ' ಎಂದಷ್ಟೇ ಅಂದ. ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ ಅತ್ತಿಗೆ, 'ಹೂಂ, ನಿಧಾನ' ಎಂದರು. ಚೀಲ ಹಗುರ ಎನ್ನಿಸಿತು. ಮನಸ್ಸು ಹಗುರವಾದರೆ ಕೈಯಲ್ಲಿರುವುದೂ ಹಗುರವಾಗುತ್ತದೆ ಎಂದುಕೊಂಡು ಅವನು ಸರಸರ ನಡೆದ.

ಆದರೆ ಭಾನುವಾರ ಅಷ್ಟು ಸುಲಭಕ್ಕೆ ಬಿಡುವ ಜಾತಿಯದಲ್ಲ. ಬೀದಿಯ ಮೂಲೆಯ ಮನೆ ಬಂದ ಕೂಡಲೇ ಅದೂ ಅವನ ಜೊತೆಗೆ ಹೆಜ್ಜೆ ಹಾಕತೊಡಗಿತು. ಅವತ್ತು ಇದೇ ಗೇಟಿನ ಮುಂದೆ ಅವನು ಸೊಳ್ಳೆಬಲೆಯನ್ನು ಎದೆಗವಚಿಕೊಂಡು ನಿಂತಿದ್ದ. ಮಲಗುವಾಗ ಕಟ್ಟುವ ಪರದೆಯಲ್ಲ, ಸೊಳ್ಳೆ ಹಿಡಿಯುವ ಬಲೆ: ಬಟ್ಟೆಯ ದುಂಡನೆಯ ಬುಟ್ಟಿ, ಒಳಗೊಂದು ಪುಟ್ಟ ಫ್ಯಾನು, ಪಕ್ಕದಲ್ಲಿ ಮನುಷ್ಯರ ಬೆವರಿನಂತೆ ನಾರುವ ಒಂದು ಪೊಟ್ಟಣ. ಪ್ರತಿ ಬೀದಿಯಲ್ಲೂ ಒಂದೊಂದು ಮನೆಯಲ್ಲಿ ಅದನ್ನಿಟ್ಟು, ಬಿದ್ದ ಸೊಳ್ಳೆಗಳನ್ನು ತಂದು, ಅವುಗಳ ಮೈಯಲ್ಲಿ ಡೆಂಗಿಯ ವೈರಸ್ ಇದೆಯೇ ಎಂದು ನೋಡುವುದು ಅವನ ಪ್ರಯೋಗಾಲಯದ ಕೆಲಸ. ಜನಕ್ಕೆ ಜ್ವರ ಬಂದ ಮೇಲೆ ಓಡಾಡುವ ಬದಲು ಸೊಳ್ಳೆಯನ್ನೇ ಮೊದಲು ವಿಚಾರಿಸಿಕೊಂಡರೆ ಬೀದಿಗೆ ಬೀದಿಯೇ ಉಳಿಯುತ್ತದೆ ಎಂದು ಅವನು ಮನೆಮನೆಗೂ ಹೇಳುತ್ತಾನೆ, ಚೆನ್ನಾಗಿಯೇ ಹೇಳುತ್ತಾನೆ. ಮೂಲೆಮನೆಯಾಕೆ ಗೇಟನ್ನು ಒಂದು ಕೈಯಷ್ಟು ಮಾತ್ರ ತೆರೆದು, 'ಇದು ಇಲ್ಲಿದ್ರೆ ಊರ ಸೊಳ್ಳೆಯೆಲ್ಲ ನಮ್ಮನೆಗೇ ಬರುತ್ತೆ. ನಿಮ್ಮ ಸೊಳ್ಳೆ ನೀವೇ ಸಾಕ್ಕೊಳ್ಳಿ' ಎಂದು ಚಿಲಕ ಹಾಕಿಕೊಂಡಿದ್ದಳು. ಎದುರು ಮನೆಯ ಮೆಟ್ಟಿಲ ಮೇಲೆ ಕೂತಿದ್ದವರು ನಕ್ಕಿದ್ದರು. 'ಸೊಳ್ಳೆ ಸಾಹೇಬರು ಬಂದ್ರು' ಎಂದು ಯಾರೋ ಅಂದದ್ದೂ ಕೇಳಿಸಿತ್ತು. ಆ ನಗುವನ್ನು ಹೊತ್ತುಕೊಂಡು, ಹಸಿದ ಹೊಟ್ಟೆಯಲ್ಲಿ, ಬಿಸಿಲಿನಲ್ಲಿ ಮನೆಗೆ ಬಂದರೆ ಒಲೆ ತಣ್ಣಗಿತ್ತು.

ಅತ್ತಿಗೆ ಮಲಗಿದ್ದರು. ಹಗಲು ಹೊತ್ತು ಅವರು ಮಲಗಿದ್ದನ್ನು ಅವರು ಈ ಮನೆಗೆ ಬಂದಾಗಿನಿಂದ ಅವನು ನೋಡಿರಲಿಲ್ಲ. ನೋಡಿರಲಿಲ್ಲ ಎಂಬುದೇ ಅವನನ್ನು ಒಂದು ಕ್ಷಣ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಗೇಟಿನವಳಿಗೆ ಹೇಳಲಾಗದ ಮಾತೆಲ್ಲ ನಾಲಗೆಯ ಮೇಲೆ ಹಾಗೇ ಕೂತಿತ್ತು. ಯಾರ ಮೇಲೆ ಬಿದ್ದರೂ ತಿರುಗಿ ಮಾತಾಡದವರು ಮನೆಯಲ್ಲಿ ಒಬ್ಬರೇ ಇದ್ದರು. 'ಇಡೀ ದಿನ ಮನೇಲೇ ಇರೋರಿಗೆ ಒಂದು ತುತ್ತು ಮಾಡಿಡೋಕೂ ಆಗಲ್ವಾ?' ಎಂದುಬಿಟ್ಟ. ಅಂದದ್ದು ಅವನೇ, ಆದರೆ ದನಿ ಗೇಟಿನವಳದು. ಅತ್ತಿಗೆ ಎದ್ದರು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು, ಬೇಯಿಸಿದರು, ಬಡಿಸಿದರು, ತಾವು ಗೋಡೆಗೊರಗಿ ಕೂತರು. ಅವನು ತಟ್ಟೆಯಿಂದ ತಲೆಯೆತ್ತದೆ ಉಂಡ. ನಡುವೆ ಒಮ್ಮೆ ನೋಡಿದಾಗ ಅವರ ಮೊಣಕೈಯ ಮೇಲೊಂದು ಸೊಳ್ಳೆ ಕೂತಿತ್ತು, ಕಾಲಿಗೆ ಬಿಳಿ ಪಟ್ಟೆ ಇರುವಂಥದ್ದು. ಹಗಲೇ ಕಚ್ಚುವ, ಇವನ ಹೊಟ್ಟೆಪಾಡಿಗೆ ದಾರಿ ಮಾಡಿಕೊಟ್ಟ ಜಾತಿ. ಅದರ ಹೊಟ್ಟೆ ಕೆಂಪಗೆ ಊದಿತ್ತು. ಅತ್ತಿಗೆ ಹೊಡೆಯಲು ಕೈಯೆತ್ತಿದರು. ಎತ್ತಿದ ಕೈ ಭಾರವಾಯಿತೋ ಏನೋ, ಸುಮ್ಮನೆ ಬೀಸಿ ಓಡಿಸಿದರು. 'ಹೋಗ್ಲಿ ಬಿಡು, ನಿನ್ನ ಆಫೀಸಿಗೆ ಬೇಕಾಗುತ್ತೆ' ಎಂದರು. ಅದು ನಗೆಮಾತು. ಅವನು ನಗಬಹುದಿತ್ತು. ಉಂಡ ತಟ್ಟೆ ಎತ್ತಿಕೊಂಡು ಎದ್ದ. ಆಮೇಲೆ ಬಲೆಯನ್ನು ಎಲ್ಲಿ ಇಡುವುದೆಂದು ತೋಚದೆ ನಿಂತಿದ್ದಾಗ ಅತ್ತಿಗೆಯೇ, 'ಬಚ್ಚಲ ಹತ್ರ ಇಡೋ. ನಮ್ಮನೆ ಸೊಳ್ಳೆಗೇನು ಮರ್ಯಾದೆ ಕಡಿಮೆನಾ' ಎಂದಿದ್ದರು. ಅಷ್ಟು ಹೇಳಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದವರು ಎರಡು ದಿನ ಸರಿಯಾಗಿ ಏಳಲಿಲ್ಲ. ಮುನಿಸು ಎಂದೇ ಅವನು ತಿಳಿದ. ಅಣ್ಣ ಲಾರಿಯ ಮೇಲೆ ದೂರದ ಊರಿಗೆ ಹೋಗಿದ್ದ; ಮುನಿಸನ್ನು ಬಿಡಿಸಲು ನಡುವೆ ಇನ್ನೊಬ್ಬರಿರಲಿಲ್ಲ.

ಪ್ರಯೋಗಾಲಯದಲ್ಲಿ ಅವನ ಜಾಗ ಕಿಟಕಿಯ ಪಕ್ಕ. ಮುಂದೆ ಮಂಜುಗಡ್ಡೆಯಷ್ಟು ತಣ್ಣಗಿರುವ ಒಂದು ಲೋಹದ ತಟ್ಟೆ, ಮೇಲೊಂದು ಭೂತಗನ್ನಡಿ, ಕೈಯಲ್ಲಿ ಚಿಮಟ. ಚಳಿಯಲ್ಲಿ ಸತ್ತ ಸೊಳ್ಳೆಗಳನ್ನು ತಟ್ಟೆಯ ಮೇಲೆ ಸುರಿದುಕೊಂಡು, ಗಂಡುಗಳನ್ನು ಆಚೆಗೆ ತಳ್ಳಿ, ಹೆಣ್ಣುಗಳನ್ನು ಜಾತಿವಾರು ಬೀದಿವಾರು ಒಂದೊಂದು ಕೊಳವೆಗೆ ತುಂಬಿಸುವುದು ಅವನ ಕೆಲಸ. ಮುಂದೆ ಕೊಳವೆಯಲ್ಲಿದ್ದವನ್ನೆಲ್ಲ ಒಟ್ಟಿಗೆ ಅರೆದು ಯಂತ್ರಕ್ಕೆ ಕೊಡುತ್ತಾರೆ. ಇರುವುದೆಲ್ಲ ಹೆಣ್ಣುಗಳ ಜೊತೆಯ ಸಹವಾಸ, ಆದರೂ ಮದುವೆಯಾಗಲಿಲ್ಲ ಎಂದು ಅಲ್ಲಿ ಅವನನ್ನು ರೇಗಿಸುವುದುಂಟು. ಆ ಕೋಣೆಯಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ, ಯಾರು ಶುರುಮಾಡಿದರೋ ಗೊತ್ತಿಲ್ಲ. ಹೊಟ್ಟೆ ಬೆಳ್ಳಗೆ ಚಪ್ಪಟೆಯಾಗಿದ್ದರೆ ಅವಳು 'ಉಪವಾಸಿ', ಕೆಂಪಗೆ ಊದಿದ್ದರೆ 'ಉಂಡವಳು'. ಉಂಡವಳು ಬಲೆಗೆ ಬೀಳುವುದೇ ಅಪರೂಪ. ಉಂಡ ಮೇಲೆ ಅವಳಿಗೆ ಮನುಷ್ಯರ ವಾಸನೆಯ ಗೊಡವೆಯಿಲ್ಲ, ಎಲ್ಲಾದರೂ ಗೋಡೆಗಂಟಿ ಅರಗಿಸಿಕೊಳ್ಳುತ್ತಾಳೆ. ಬಿದ್ದರೆ ಅವಳನ್ನು ಬೇರೆ ಕೊಳವೆಗೆ ಹಾಕಲೇಬೇಕು. ಉಪವಾಸಿಯ ಮೈಯಲ್ಲಿ ವೈರಸ್ ಸಿಕ್ಕಿತೆಂದರೆ ಅದು ಅವಳದೇ. ಉಂಡವಳಲ್ಲಿ ಸಿಕ್ಕಿದರೆ ಅವಳದೋ, ಅವಳು ಕುಡಿದು ಬಂದ ರಕ್ತದ್ದೋ ಹೇಳಲು ಬರುವುದಿಲ್ಲ. ಹಾಗಾಗಿ ಅವನು ದಿನವಿಡೀ ಒಬ್ಬೊಬ್ಬಳನ್ನೂ ಭೂತಗನ್ನಡಿಯಡಿ ಹೊರಳಿಸಿ ಮನಸ್ಸಿನಲ್ಲೇ ಕೇಳುತ್ತಾನೆ: ಉಂಡೆಯಾ? ಉಂಡಿಲ್ಲವಾ? ವರ್ಷಗಟ್ಟಲೆ ಕೇಳಿ ಕೇಳಿ ಆ ಪ್ರಶ್ನೆಗೆ ಅರ್ಥವೇ ಉಳಿದಿಲ್ಲ.

ಸೋಮವಾರ ತನ್ನ ಮನೆಯ ಬಲೆಯದನ್ನು ಸುರಿದುಕೊಂಡಾಗ ಅವನ ಮನಸ್ಸು ತಟ್ಟೆಯ ಮೇಲಿರಲಿಲ್ಲ. ಆ ಬೆಳಿಗ್ಗೆಯೂ ಅತ್ತಿಗೆ ಮುಖ ತಿರುಗಿಸಿಕೊಂಡೇ ಇದ್ದರು. ತಾನು ಅಂದದ್ದು ತಪ್ಪು ಎಂದು ಒಂದು ಮನಸ್ಸು, ಇಷ್ಟಕ್ಕೆಲ್ಲ ಇಷ್ಟು ಮುನಿಸಾ ಎಂದು ಇನ್ನೊಂದು. ಅದೇ ಹೊತ್ತಿಗೆ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಯಾರೋ ಅತಿಥಿಗಳನ್ನು ಕರೆದುಕೊಂಡು ಬಂದರು. ಅವನ ಬೆನ್ನ ಹಿಂದೆ ನಿಂತು, 'ಇಲ್ಲಿ ಬರೀ ವಿಂಗಡಣೆ. ವಿಜ್ಞಾನ ಇರೋದು ಆ ಕಡೆ, ಬನ್ನಿ ತೋರಿಸ್ತೀನಿ' ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದು. ನಿಜವಾಗಿದ್ದರಿಂದಲೇ ಕಿವಿ ಬಿಸಿಯಾಯಿತು. ಚಿಮಟದಲ್ಲಿದ್ದ ಸೊಳ್ಳೆ ಆಗಲೇ ಕೊಳವೆಯೊಳಗೆ ಬಿದ್ದಿತ್ತು. ಬೀಳುವಾಗ ಏನೋ ಕೆಂಪು ಕಂಡ ಹಾಗಾಯಿತು. ಕೊಳವೆಯನ್ನು ಬೋರಲು ಹಾಕಿ ಮತ್ತೆ ಎಲ್ಲವನ್ನೂ ನೋಡಬೇಕು, ಅತಿಥಿಗಳ ಮುಂದೆ, ಬರೀ ವಿಂಗಡಣೆಯೂ ಇವನಿಗೆ ಬರುವುದಿಲ್ಲ ಎಂಬಂತೆ. ಕಂಡದ್ದು ಕಿಟಕಿಯ ಬೆಳಕಿರಬೇಕು ಎಂದುಕೊಂಡು ಮುಚ್ಚಳ ಹಾಕಿದ. ಹಾಕಿದ ಮೇಲೆ ಬೆಳಕಲ್ಲ ಎಂದು ಗೊತ್ತಿತ್ತು.

ಈಗ ಬುಧವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಎಲ್ಲರ ನಡುವೆ ಕೂತು ಅವನು ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಏನೂ ಇರಲಿಲ್ಲ. ಕೆಳಗಿನ ಡಬ್ಬಿಯನ್ನೂ ತೆಗೆದ. ಚೆನ್ನಾಗಿ ತೊಳೆದು ಒರೆಸಿ ಮುಚ್ಚಿದ ಖಾಲಿ ಡಬ್ಬಿ. ತಳದಲ್ಲಿ ಅವನ ಮುಖವೇ ಕಾಣುವಷ್ಟು ಸ್ವಚ್ಛ. ಪಕ್ಕದಲ್ಲಿದ್ದವನು ಬಗ್ಗಿ ನೋಡಿ, 'ಏನ್ ಸಾಹೇಬ್ರೆ, ಇವತ್ತು ನೀವೂ ಉಪವಾಸಿನಾ?' ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ, ನಗದೆ ಇನ್ನೇನು ಮಾಡುವುದು. ಮುನಿಸು ಮುಗಿದಿರಲಿಲ್ಲ, ಹಾಗಾದರೆ. ಒಂದು ತುತ್ತು ಮಾಡಿಡೋಕೂ ಆಗಲ್ವಾ ಎಂದದ್ದಕ್ಕೆ ಇದು ಉತ್ತರ. ಎದ್ದು, ಮುಖ ತೊಳೆದು, ತಲೆ ಬಾಚಿ, ಖಾಲಿ ಡಬ್ಬಿಯನ್ನು ಇಷ್ಟು ಜೋಪಾನವಾಗಿ ಕಟ್ಟಿ, ನಿಧಾನ ಎಂದು ಹೇಳಿ ಕಳಿಸಿದ್ದಾರೆ. ಅತ್ತಿಗೆ ಇಂಥವರು ಎಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡ. ಸಂಜೆ ಹೋಗಿ ಏನೆನ್ನಬೇಕೆಂದು ಮಾತು ಜೋಡಿಸತೊಡಗಿದ. ಮಾತುಗಳು ಬಹಳ ಸಲೀಸಾಗಿ ಜೋಡಿಕೊಂಡವು.

ಆಗ ದೊಡ್ಡ ಮೇಡಂ ಊಟದ ಕೋಣೆಯ ಬಾಗಿಲಿಗೇ ಬಂದು ನಿಂತರು. ಅವರು ಅಲ್ಲಿಗೆ ಬರುವುದಿಲ್ಲ. ಮುಖ ಅರಳಿತ್ತು. 'ಎಲ್ಲಿ ನಮ್ಮ ಸಾಹೇಬ್ರು?' ಎಂದು ಅವರೇ ಅವನ ಅಡ್ಡಹೆಸರು ಹಿಡಿದು ಕರೆದರು. 'ನಿಮ್ಮ ಬೀದಿ ಕೊಳವೆ ಮಾತಾಡ್ತು ನೋಡಿ. ಡೆಂಗಿ. ಯಂತ್ರದ ಪರದೆ ಮೇಲೆ ಅಷ್ಟು ಬೇಗ ಗೆರೆ ಮೇಲೆದ್ದದ್ದು ಈ ವರ್ಷ ನಾನು ನೋಡೇ ಇರಲಿಲ್ಲ. ಊರಲ್ಲಿ ಇನ್ನೂ ಒಂದು ಜ್ವರದ ಸುದ್ದಿ ಇಲ್ಲ, ನಾವು ಮೊದಲೇ ಹಿಡಿದ್ವಿ. ಈ ಕೋಣೇಲಿ ನಿಮ್ಮಷ್ಟು ಶ್ರದ್ಧೆಯಿಂದ ವಿಂಗಡಿಸೋರು ಯಾರಿದಾರೆ?' ನಗುತ್ತಿದ್ದವರೆಲ್ಲ ಅವನ ಕಡೆ ನೋಡಿದರು. ಎಷ್ಟೋ ವರ್ಷದಿಂದ ಕಾಯುತ್ತಿದ್ದ ಮಾತು ಅದು, ಬಾಯಿಬಿಟ್ಟು ಯಾರಿಗೂ ಹೇಳಿಕೊಳ್ಳದೆ ಕಾಯುತ್ತಿದ್ದದ್ದು. ಸುಮ್ಮನಿದ್ದರೆ ಸಾಕಿತ್ತು. ಅರೆದು ಹೋದ ಕೊಳವೆಯಲ್ಲಿ ಕೆಂಪು ಹೊಟ್ಟೆ ಇತ್ತೋ ಇಲ್ಲವೋ ಇನ್ನು ಯಾರೂ ಕಾಣಲಾರರು. ಅವನು ಎದುರಿಗಿದ್ದ ಖಾಲಿ ಡಬ್ಬಿಯನ್ನು ನೋಡಿದ. ಬೇಗ ಗೆರೆ ಎದ್ದಿದೆ ಎಂದರೆ ವೈರಸ್ ಹೇರಳವಾಗಿದೆ. ಹೇರಳವಾಗಿರುವುದು ಎಲ್ಲಿ? ಜ್ವರ ಬಂದವರ ರಕ್ತದಲ್ಲಿ. ಕೆಂಪು ಹೊಟ್ಟೆ, ಆ ಹೊಟ್ಟೆಯೊಳಗಿನ ರಕ್ತ, ಮೊಣಕೈ, ಎತ್ತಿದ ಕೈ ಭಾರವಾಗಿ ಕೆಳಗಿಳಿದದ್ದು, ನಿನ್ನ ಆಫೀಸಿಗೆ ಬೇಕಾಗುತ್ತೆ ಎಂದದ್ದು. ಆ ಮನೆಯಲ್ಲಿರುವುದು ಇಬ್ಬರೇ. ಅವನ ಮೈ ಸರಿಯಾಗಿಯೇ ಇದೆ. ಹಗಲು ಮಲಗದವರು ಮಲಗಿದ್ದರು. ಈ ಬೆಳಿಗ್ಗೆ ಎದ್ದಿದ್ದರು, ಅಂದರೆ ಜ್ವರ ಬಿಟ್ಟಿತ್ತು. ಜ್ವರ ಬಿಟ್ಟಿತು ಅಂತ ಮೈಮರೀಬೇಡಿ, ಇದರ ಆಟ ಶುರುವಾಗೋದೇ ಆಮೇಲೆ, ಎಂದು ಅವನೇ ಅಲ್ಲವೇ ಮನೆಮನೆಯ ಬಾಗಿಲಲ್ಲಿ ನಿಂತು ಗಿಳಿಪಾಠ ಒಪ್ಪಿಸುವುದು. ಚೌಕಟ್ಟು ಹಿಡಿದು ನಿಂತಿದ್ದರು. ಡಬ್ಬಿಗೆ ಏನೂ ಹಾಕದೆ ಮುಚ್ಚಿದ್ದರು, ಮಂಪರಿನಲ್ಲಿ ಊಟ ಹಾಕಿದ್ದೇನೆಂದೇ ತಿಳಿದು.

'ಮೇಡಂ,' ಎಂದ. ದನಿ ತನ್ನದೇ ಎನ್ನಿಸಲಿಲ್ಲ. 'ಅದರಲ್ಲಿ ಒಬ್ಬಳು ಉಂಡವಳಿದ್ಲು. ನಂಗೆ ಕಾಣಿಸಿತ್ತು. ತೆಗೀಲಿಲ್ಲ.'

ಮೇಡಂ ಮುಖದ ಬೆಳಕು ಆರಿತು. ಕೋಣೆಯಲ್ಲಿ ಯಾರೋ ಚಮಚ ಕೆಳಗಿಟ್ಟ ಸದ್ದಾಯಿತು. ಬೈಗುಳಕ್ಕೆ ಅವನು ತಲೆ ತಗ್ಗಿಸಿಕೊಂಡು ನಿಂತ. ಅವರು ಕೇಳಿದ್ದು ಬೇರೆ. 'ಬಲೆ ಯಾರ ಮನೇಲಿತ್ತು?'

'ನಮ್ಮನೇಲಿ. ಅತ್ತಿಗೆ ಇದಾರೆ. ಮೂರು ದಿನದಿಂದ ಮಲಗಿದ್ರು. ನಾನು... ಕೋಪ ಅಂದ್ಕೊಂಡಿದ್ದೆ.'

'ಮತ್ತೆ ಇನ್ನೂ ಇಲ್ಲೇ ನಿಂತಿದೀರಲ್ಲ,' ಎಂದರು ಮೇಡಂ. ಅಷ್ಟರಲ್ಲಿ ಅವರ ಕೈ ಚೀಲದೊಳಗೆ ಕಾರಿನ ಕೀಲಿ ಹುಡುಕುತ್ತಿತ್ತು. 'ನಡೀರಿ. ನಾನೇ ಓಡಿಸ್ತೀನಿ.'

ಅತ್ತಿಗೆ ಬಚ್ಚಲ ಹತ್ತಿರ, ಬಲೆಯ ಪಕ್ಕದಲ್ಲೇ, ನೆಲದ ಮೇಲೆ ಕೂತಿದ್ದರು. ಫ್ಯಾನು ಗುಂಯ್‌ಗುಡುತ್ತಿತ್ತು. ಹೊಟ್ಟೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದರು, ಸೀರೆಯಂಚು ಒದ್ದೆಯಾಗಿತ್ತು. ವಾಂತಿ ಮಾಡಿಕೊಂಡು ತಾವೇ ನೀರು ಸುರಿದು ತೊಳೆಯಲು ಹೋಗಿ ಅಲ್ಲೇ ಕುಸಿದಿರಬೇಕು. ಅತ್ತಿಗೆ ಅವನ ಹಿಂದೆ ನಿಂತಿದ್ದ ಮೇಡಂ ಅವರನ್ನು ನೋಡಿ, ಹೊಸಬರು ಬಂದಾಗ ಹೀಗೆ ಕೂತಿದ್ದೇನಲ್ಲ ಎಂದು ಸೆರಗು ಸರಿಮಾಡಿಕೊಳ್ಳಲು ನೋಡಿದರು. 'ಜ್ವರ ಇತ್ತು, ಬಿಡ್ತು ಕಣೋ. ಈಗ ಏನಿಲ್ಲ' ಎಂದರು. 'ಮುಂಚೆ ಯಾಕೆ ಹೇಳಲಿಲ್ಲ?' ಎಂದು ಅವನು ಅಂದೇಬಿಟ್ಟ. ಈ ಹೊತ್ತಿನಲ್ಲೂ ತಪ್ಪು ಅವರದೇ ಎಂಬಂತೆ. ಅತ್ತಿಗೆ ಸ್ವಲ್ಪ ಯೋಚಿಸಿ, 'ನೀನು ಸುಸ್ತಾಗಿ ಬರ್ತಿದ್ದೆ' ಎಂದರು. ಅವನು ಅವರ ಹಣೆ ಮುಟ್ಟಲು ಕೈ ಚಾಚಿದ, ಚಾಚಿದ ಕೈ ಅರ್ಧಕ್ಕೆ ನಿಂತಿತು. ತಾಯಿಯಿಲ್ಲದ ಮನೆಗೆ ಮದುವೆಯಾಗಿ ಬಂದವರು, ಸೊಂಟದೆತ್ತರದ ಮೈದುನನನ್ನು ಗಂಡನ ಜೊತೆ ಉಡುಗೊರೆಯಾಗಿ ಬಂದವನ ಹಾಗೆ ತೆಗೆದುಕೊಂಡವರು, ಅಂಗೈ ಮಗುಚಿ ಅವನ ಹಣೆ ಮುಟ್ಟಿ ನೋಡಿದ್ದಕ್ಕೆ ಲೆಕ್ಕವಿಲ್ಲ. ಅವನು ಅವರ ಹಣೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಸೊಳ್ಳೆಯೊಂದು ತನಗಿಂತ ಮೊದಲು ಅವರ ಮೈ ಮುಟ್ಟಿ ನೋಡಿತ್ತು. ಮುಟ್ಟಿದ. ಹಣೆ ಬೆವತು ತಣ್ಣಗಿತ್ತು. ಇಡೀ ದಿನ ತಣ್ಣನೆಯ ತಟ್ಟೆಯ ಮೇಲಿರುವ ಅವನ ಬೆರಳಿಗೂ ತಣ್ಣಗೆನ್ನಿಸುವಷ್ಟು. ಅವನೂ ಮೇಡಮ್ಮೂ ಎರಡು ಕಡೆ ಹಿಡಿದು ಎತ್ತಿದರು.

ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಮಾತು ಕಡಿಮೆಯ ಮನುಷ್ಯ. ರಕ್ತನಾಳದೊಳಗಿನ ನೀರು ಸೋರಿಹೋಗುತ್ತಿದೆ, ಒತ್ತಡ ಇಳಿಯುತ್ತಿದೆ ಎಂದು ನಳಿಕೆ ಚುಚ್ಚಿಸಿ ಹೊರಗೆ ಬಂದು, 'ಸರಿಯಾದ ಹೊತ್ತಿಗೆ ಬಂದಿದೀರಿ. ಸಂಜೆವರೆಗೆ ಬಿಟ್ಟಿದ್ರೆ ನಾನೇನೂ ಹೇಳೋ ಹಾಗಿರ್ತಿರಲಿಲ್ಲ' ಎಂದು ಹೊರಟುಹೋದರು. ಸಂಜೆ ಎಂಬ ಮಾತು ಅವನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಂಜೆ ಹೋಗಿ ಅನ್ನಬೇಕೆಂದು ಜೋಡಿಸಿಟ್ಟಿದ್ದ ಮಾತುಗಳು ಇನ್ನೂ ಬಾಯಲ್ಲೇ ಇದ್ದವು. ಮೇಡಂ ಪಕ್ಕದ ಬೆಂಚಿನ ಮೇಲೆ ಕೂತಿದ್ದರು, ಚಪ್ಪಲಿ ಬಿಟ್ಟು, ಯಾರದೋ ಮನೆಯ ಹೆಂಗಸಿನ ಹಾಗೆ. 'ನನ್ನ ತಪ್ಪು ಮೇಡಂ' ಎಂದು ಶುರುಮಾಡಿದ. 'ಹೂಂ, ತಪ್ಪೇ' ಎಂದರು ಅವರು. 'ಆ ಕೊಳವೆ ಲೆಕ್ಕಕ್ಕಿಲ್ಲ. ಬೀದೀಲಿ ಮತ್ತೆ ಬಲೆ ಹಾಕಿ ಮತ್ತೆ ವಿಂಗಡಿಸಬೇಕು, ನೀವೇ. ಸೋಮವಾರ ನಾನೂ ಏನೋ ಒಂದು ಮಾತಂದೆ ಅನ್ಸುತ್ತೆ, ನಿಮ್ಮ ಕಿವಿ ಕೆಂಪಾಗಿತ್ತು. ಹೋಗಲಿ, ಏನಾದ್ರೂ ತಿನ್ನಿ ಮೊದಲು.' ಉಂಡವಳನ್ನು ಅವನು ಸರಿಯಾಗಿ ಬೇರೆ ಕೊಳವೆಗೆ ಹಾಕಿದ್ದರೆ ಅದು ಸಾಲಿನಲ್ಲಿ ಹಿಂದೆ ನಿಂತು ಮುಂದಿನ ವಾರ ಯಂತ್ರಕ್ಕೆ ಹೋಗುತ್ತಿತ್ತು. ಮೂಲೆಮನೆಯಾಕೆ ಮುಖಕ್ಕೆ ಹೊಡೆದ ಹಾಗೆ ಗೇಟು ಹಾಕದಿದ್ದರೆ ಬಲೆ ಅವನ ಮನೆಗೆ ಬರುತ್ತಲೇ ಇರಲಿಲ್ಲ. ಅವನು ಮಾಡಿದ್ದೊಂದೂ ಸರಿಯಿರಲಿಲ್ಲ, ಆದರೂ ಅತ್ತಿಗೆ ಒಳಗೆ ಉಸಿರಾಡುತ್ತಿದ್ದರು. ಇಷ್ಟು ದೊಡ್ಡ ಉಪಕಾರವನ್ನು ಯಾರ ಕೈಯಿಂದ ಪಡೆದದ್ದೆಂದು ತಿಳಿಯದೆ ಅವನು ಆಸ್ಪತ್ರೆಯ ಹಸಿರು ಗೋಡೆಯ ಮುಂದೆ, ಗೇಟಿನವಳಿಗೆ, ಮೇಡಂಗೆ, ಅರೆದುಹೋದ ಆ ಕೆಂಪು ಹೊಟ್ಟೆಗೆ, ಎಲ್ಲಕ್ಕೂ ಸೇರಿಸಿ ಮನಸ್ಸಿನಲ್ಲೇ ಕೈಮುಗಿದ. ಹಾಗೆ ಮುಗಿಯುವುದರಲ್ಲಿ ಅವನಿಗೆ ನಾಚಿಕೆಯಾಗಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆಯ ಕೈಯಿಂದ ನಳಿಕೆ ತೆಗೆದರು. ಲಾರಿಯನ್ನು ಅರ್ಧದಾರಿಯಲ್ಲಿ ಇನ್ನೊಬ್ಬರಿಗೆ ಒಪ್ಪಿಸಿ ಓಡಿಬಂದಿದ್ದ ಅಣ್ಣ ಔಷಧಿ ತರಲು ಕೆಳಗೆ ಹೋಗಿದ್ದ. ಕಿಟಕಿಯಿಂದ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಸೊಳ್ಳೆಯ ಕತೆಯನ್ನೆಲ್ಲ ಅವನು ಹೇಳಿದ್ದ, ಕೋಪ ಎಂದುಕೊಂಡದ್ದನ್ನೂ ಬಿಡದೆ. ಅತ್ತಿಗೆಗೆ ಅದರಲ್ಲಿ ಹಿಡಿಸಿದ್ದು ಒಂದೇ. 'ನೋಡು, ಅವತ್ತು ಹೊಡೆದಿದ್ರೆ? ಪುಣ್ಯಾತ್ಗಿತ್ತಿ, ಹೊಟ್ಟೆ ತುಂಬಾ ಉಂಡು ಸೀದಾ ನಿನ್ನ ಆಫೀಸಿಗೇ ಬಂದ್ಲು' ಎಂದು ನಕ್ಕರು. ಕೈಯ ಮೇಲೆ ಸೂಜಿ ಚುಚ್ಚಿದ ಜಾಗವೆಲ್ಲ ನೀಲಿಗಟ್ಟಿತ್ತು. ಕಚ್ಚಿದ್ದು ಅದೇ, ಬಲೆಗೆ ಬಿದ್ದದ್ದೂ ಅದೇ ಎಂದು ಹೇಳಲು ಯಾವ ಆಧಾರವೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು, ಹೇಳಲಿಲ್ಲ. ಆಯಾ ಬಂದು ಊಟದ ತಟ್ಟೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಹೋಗಿ ಬಹಳ ಹೊತ್ತಾಗಿತ್ತು. ತಟ್ಟೆಯ ಮೇಲೆ ಮುಚ್ಚಳ ಹಾಗೇ ಇತ್ತು. ಅವನು ಬಾಯಿ ತೆರೆದ. ಇಷ್ಟು ವರ್ಷ ಆ ಮನೆಯಲ್ಲಿ ದಿನಕ್ಕೆ ಎರಡು ಸಲ ಕೇಳಿಸುತ್ತಿದ್ದ ಮಾತೇ ಅದು, ಒಂದೇ ದನಿಯಲ್ಲಿ, ಒಂದೇ ಕಡೆಯಿಂದ. ಅವನ ಬಾಯಿಗೆ ಹೊಸದಾದ್ದರಿಂದ ಸ್ವಲ್ಪ ತೊದಲಿತು.

'ಊಟ ಆಯ್ತಾ?' ಎಂದು ಕೇಳಿದ.

ಅತ್ತಿಗೆ, ಯಾರನ್ನು ಕೇಳುತ್ತಿದ್ದಾನೆ ಎಂದು ಪಕ್ಕದ ಹಾಸಿಗೆಯ ಕಡೆ ತಿರುಗಿ ನೋಡಿದರು. ಅದು ಖಾಲಿಯಿತ್ತು. ಬಾಗಿಲ ಕಡೆ ನೋಡಿದರು. ಅಲ್ಲೂ ಯಾರಿರಲಿಲ್ಲ. ಆಮೇಲೆ ನಿಧಾನವಾಗಿ ಅವನ ಕಡೆಗೆ ತಿರುಗಿ, 'ನಂದಾ?' ಎಂದರು.